ಕೃಷ್ಣಮೃಗವೋ, ಕೊಟ್ಟಿಗೆಯ ಗೋಡೆಯೋ? ಉಣ್ಣೆ ರೋಗ ಬಂದದ್ದು ಎಲ್ಲಿಂದ

ಓದುಗರ ಪ್ರಶ್ನೆ: ನಮ್ಮದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿಗೆ ಹತ್ತಿರದ ಒಂದು ಹಳ್ಳಿ. ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಿದ್ದವು. ಜೊತೆಗೆ ಇಪ್ಪತ್ತು ಕುರಿ, ಒಂದು ಎಕರೆ ಹಿಪ್ಪುನೇರಳೆ ಇದೆ. ಜೂನ್‌ನಲ್ಲಿ ಒಂದು ಹಸುವಿಗೆ ವಿಪರೀತ ಜ್ವರ ಬಂದು, ಹೆಗಲ ಮುಂದೆ ಗೆಡ್ಡೆ ಊದಿ, ಮೇವು ಬಿಟ್ಟು, ಐದಾರು ದಿನಗಳಲ್ಲಿ ಸತ್ತುಹೋಯಿತು. ಈಗ ಕರು ಹಾಕಿ ಮೂರು ವಾರವಾಗಿರುವ ಇನ್ನೊಂದು ಹಸು ಕಾಫಿ ಬಣ್ಣದ ಮೂತ್ರ ಮಾಡುತ್ತಿದೆ. ಮಾರ್ಚ್‌ನಲ್ಲಿ ದಲ್ಲಾಳಿಯ ಮೂಲಕ ಕೋಲಾರದ ಕಡೆಯಿಂದ ತಂದ ಹಸು ಮಾತ್ರ ಚೆನ್ನಾಗಿದೆ. ಅದಕ್ಕೆ ಏನೂ ಆಗಿಲ್ಲ. ಹೊಲಕ್ಕೆ ದಿನವೂ ಕೃಷ್ಣಮೃಗಗಳ ಹಿಂಡು ಬರುತ್ತದೆ, ಅವುಗಳಿಂದಲೇ ರಕ್ತ ಹೀರುವ ಉಣ್ಣೆ ಬಂದಿದೆ ಎಂದು ಊರಿನವರು ಹೇಳುತ್ತಾರೆ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಇಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಹುಣಸೆ ತೋಪಿನಲ್ಲಿ ಕೋತಿಗಳ ಕಾಟವೂ ಇದೆ. ಮಂಗನ ಕಾಯಿಲೆ ಬರುತ್ತದೆಯೇ ಎಂಬ ಭಯ. ಮೊನ್ನೆ ನಮ್ಮ ತಾಯಿಯ ಕಾಲಿಗೂ ಒಂದು ಉಣ್ಣೆ ಕಚ್ಚಿಕೊಂಡಿತ್ತು. ಏನು ಮಾಡಬೇಕು? ಉಣ್ಣೆ ಔಷಧಿ ಸಿಂಪಡಿಸಿದರೆ ರೇಷ್ಮೆ ಹುಳುವಿಗೆ ತೊಂದರೆಯಾಗುತ್ತದೆಯೇ?

ಪಶುವೈದ್ಯರ ಉತ್ತರ:

ಕೈಯಲ್ಲಿ ಹಾಲು ಕೊಡುತ್ತಿದ್ದ ಹಸು ಐದಾರು ದಿನಗಳಲ್ಲಿ ಕಣ್ಣೆದುರೇ ಹೋದರೆ ಆಗುವ ನಷ್ಟ ಹಣದ್ದಷ್ಟೇ ಅಲ್ಲ ಎಂಬುದನ್ನು ಶಿರಾ, ಮಧುಗಿರಿ, ಪಾವಗಡದ ಕೊಟ್ಟಿಗೆಗಳಲ್ಲಿ ಕೆಲಸ ಮಾಡಿದ ನಾನು ಚೆನ್ನಾಗಿ ಬಲ್ಲೆ. ಆದ್ದರಿಂದ ನೇರ ಉತ್ತರವನ್ನು ಮೊದಲೇ ಕೊಡುತ್ತೇನೆ. ನಿಮ್ಮ ಹಸುವಿನ ಸಾವಿಗೆ ಕೃಷ್ಣಮೃಗ ಕಾರಣವಾಗಿರುವ ಸಾಧ್ಯತೆ ತೀರಾ ಕಡಿಮೆ. ನೀವು ಸಮಾಧಾನದ ಸಂಗತಿಯೆಂದು ಬರೆದ ಒಂದು ಸಾಲಿನಲ್ಲೇ ಕಾರಣ ಇದೆ ಎಂದು ನನಗೆ ತೋರುತ್ತದೆ: ಮಾರ್ಚ್‌ನಲ್ಲಿ ತಂದ ಹಸು ಚೆನ್ನಾಗಿದೆ, ಅದಕ್ಕೆ ಏನೂ ಆಗಿಲ್ಲ ಎಂಬ ಸಾಲು.

ಆದರೆ ಅದಕ್ಕಿಂತ ತುರ್ತಿನದು ಕಾಫಿ ಬಣ್ಣದ ಮೂತ್ರ. ಅದಕ್ಕೆ ಈ ಉತ್ತರ ಓದಿ ಮುಗಿಸುವವರೆಗೂ ಕಾಯಬೇಡಿ. ಪಶು ಆಸ್ಪತ್ರೆಗೆ ಹೇಳಿಕಳುಹಿಸಿ, ಇಲ್ಲವೇ ಪಶುವೈದ್ಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಉಣ್ಣೆಯಿಂದ ಹರಡುವ ಬೇಬಿಸಿಯೋಸಿಸ್‌ನಲ್ಲಿ ರೋಗಾಣು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಆ ಬಣ್ಣ ಮೂತ್ರದಲ್ಲಿ ಇಳಿಯುತ್ತದೆ, ಜೊತೆಗೆ ಜೋರು ಜ್ವರ ಇರುತ್ತದೆ. ಆದರೆ ಕರು ಹಾಕಿದ ಎರಡರಿಂದ ನಾಲ್ಕು ವಾರಗಳ ಒಳಗೆ, ಹೆಚ್ಚು ಹಾಲು ಕೊಡುವ ಹಸು ಎಮ್ಮೆಗಳಲ್ಲಿ ರಂಜಕದ (ಫಾಸ್ಫರಸ್) ಕೊರತೆಯಿಂದಲೂ ಇದೇ ಬಣ್ಣದ ಮೂತ್ರ ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಜ್ವರ ಇರುವುದಿಲ್ಲ, ಉಣ್ಣೆಗೂ ಅದಕ್ಕೂ ಸಂಬಂಧವೇ ಇಲ್ಲ. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಆದ್ದರಿಂದ ವೈದ್ಯರು ಬಂದಾಗ ಎರಡು ಮಾತು ಹೇಳಿ: ಕರು ಹಾಕಿ ಎಷ್ಟು ದಿನವಾಯಿತು, ಮತ್ತು ಜೂನ್‌ನಲ್ಲಿ ಇದೇ ಕೊಟ್ಟಿಗೆಯಲ್ಲಿ ಇನ್ನೊಂದು ಹಸು ಹೇಗೆ ಸತ್ತಿತು. ಅವರು ಜ್ವರ ನೋಡುತ್ತಾರೆ, ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ಪರೀಕ್ಷೆಗೆ ಕಳುಹಿಸುತ್ತಾರೆ. ಈ ಪರೀಕ್ಷೆ ಮಾಡದೆ ಕೊಡುವ ಚುಚ್ಚುಮದ್ದು ಅಂದಾಜಿನ ಮೇಲಿನ ಚಿಕಿತ್ಸೆ.

ಈಗ ಕೃಷ್ಣಮೃಗದ ವಿಷಯ. ಕಾಡುಪ್ರಾಣಿ ಉಣ್ಣೆ ರೋಗ ಹರಡುತ್ತದೆ ಎಂದು ಹೇಳುವಾಗ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿಯುತ್ತೇವೆ. ಉಣ್ಣೆಗೆ ರಕ್ತದ ಊಟ ಕೊಡುವ ಪ್ರಾಣಿ ಒಂದು. ಉಣ್ಣೆಯೊಳಗೆ ರೋಗಾಣುವನ್ನು ತುಂಬುವ ಪ್ರಾಣಿ ಇನ್ನೊಂದು. ಎರಡೂ ಒಂದೇ ಪ್ರಾಣಿ ಆಗಿರಬೇಕೆಂದಿಲ್ಲ, ಹಲವು ಬಾರಿ ಆಗಿರುವುದೂ ಇಲ್ಲ. ಅಮೆರಿಕದಲ್ಲಿ ಉಣ್ಣೆಯಿಂದ ಮನುಷ್ಯರಿಗೆ ಹರಡುವ ಲೈಮ್ ಕಾಯಿಲೆಯಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಅಲ್ಲಿ ಬೆಳೆದ ಉಣ್ಣೆಗಳು ಹೊಟ್ಟೆ ತುಂಬಿಸಿಕೊಳ್ಳುವುದು ಜಿಂಕೆಯ ಮೈಮೇಲೆ, ಹಾಗಾಗಿ ಜಿಂಕೆ ಹೆಚ್ಚಿದಲ್ಲಿ ಉಣ್ಣೆ ಹೆಚ್ಚುತ್ತದೆ. ಆದರೆ ಜಿಂಕೆಯ ರಕ್ತದಿಂದ ಉಣ್ಣೆಗೆ ಲೈಮ್ ರೋಗಾಣು ಅಂಟುವುದಿಲ್ಲ. ಅದು ಅಂಟುವುದು ಮುಖ್ಯವಾಗಿ ಬಿಳಿಪಾದದ ಒಂದು ಪುಟ್ಟ ಇಲಿಯಿಂದ, ಎಳೆಯ ಉಣ್ಣೆ ಅದರ ರಕ್ತ ಕುಡಿದಾಗ. ಜನರ ಕಣ್ಣಿಗೆ ಬೀಳುವುದು ಜಿಂಕೆ, ಬೀಳದೆ ಉಳಿಯುವುದು ಇಲಿ. ನಿಮ್ಮ ಹೊಲಕ್ಕೆ ಬರುವ ಕೃಷ್ಣಮೃಗದ ಮೇಲೆ ಬಂದಿರುವ ಆರೋಪವೂ ಬಹುಪಾಲು ಹೀಗೆ ಹುಟ್ಟಿದ್ದು.

ಜೂನ್‌ನಲ್ಲಿ ಸತ್ತ ಹಸುವಿನ ಲಕ್ಷಣಗಳನ್ನು ಓದಿದರೆ, ವಿಶೇಷವಾಗಿ ಹೆಗಲ ಮುಂದೆ ಊದಿದ ಗೆಡ್ಡೆಯನ್ನು ನೋಡಿದರೆ, ನನಗೆ ಮೊದಲು ನೆನಪಾಗುವುದು ಥೈಲೇರಿಯಾಸಿಸ್. ಪರೀಕ್ಷೆ ಆಗಿಲ್ಲವಾದ್ದರಿಂದ ಅದೇ ಎಂದು ಯಾರೂ ಈಗ ಪ್ರಮಾಣ ಮಾಡಲಾರರು. ಆದರೆ ನಮ್ಮ ಬಯಲುಸೀಮೆಯಲ್ಲಿ ಮಿಶ್ರತಳಿ ಹಸುಗಳನ್ನು ಹೀಗೆ ಕೆಡವುವ ರೋಗ ಅದು. ಥೈಲೇರಿಯಾ ಅನ್ಯುಲಾಟಾ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಅದರ ಖಾಯಂ ಮನೆ ದನ ಮತ್ತು ಎಮ್ಮೆ. ಕಾಡಿನ ಜಿಂಕೆಗಳ ರಕ್ತದಲ್ಲೂ ಥೈಲೇರಿಯಾಗಳು ಸಿಕ್ಕಿವೆ ಎಂಬುದು ನಿಜ, ಆದರೆ ಅವುಗಳಲ್ಲಿ ಹೆಚ್ಚಿನವು ಜಿಂಕೆಗಳದೇ ಬೇರೆ ಪ್ರಭೇದಗಳು. ಹೆಸರಿನ ಮೊದಲರ್ಧ ಒಂದೇ ಆದ ಮಾತ್ರಕ್ಕೆ ರೋಗವೂ ಒಂದೇ ಆಗುವುದಿಲ್ಲ.

ಥೈಲೇರಿಯಾ ಹರಡುವ ಉಣ್ಣೆಯ ಹೆಸರು ಹಯಲೋಮಾ. ಇದರ ಬದುಕನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿಯೇ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ಹಸುವಿನಿಂದ ಕಳಚಿ ಬಿದ್ದು, ಮರೆಯಾದ ಒಂದು ಜಾಗ ಹುಡುಕಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಮೊಟ್ಟೆಯೊಡೆದು ಬರುವ ಮರಿಗಳಲ್ಲಿ ಥೈಲೇರಿಯಾ ಇರುವುದಿಲ್ಲ, ತಾಯಿ ಉಣ್ಣೆ ಆ ರೋಗಾಣುವನ್ನು ಮೊಟ್ಟೆಗೆ ದಾಟಿಸುವುದಿಲ್ಲ. ಮರಿಯೋ, ಅದರ ಮುಂದಿನ ಹಂತದ ಎಳೆ ಉಣ್ಣೆಯೋ ರೋಗಾಣು ಇರುವ ದನದ ರಕ್ತ ಕುಡಿದರೆ ಮಾತ್ರ ಅದರ ಒಳಗೆ ರೋಗ ಸೇರುತ್ತದೆ. ಹೀಗೆ ಕುಡಿದ ಎಳೆ ಉಣ್ಣೆ ಕೆಳಗೆ ಬಿದ್ದು, ಪೊರೆ ಕಳಚಿ, ಬೆಳೆದ ಉಣ್ಣೆಯಾಗಿ ಮತ್ತೆ ಹಸಿದು ಬರುತ್ತದೆ. ಆಗ ಅದು ಹತ್ತಿದ ಹಸುವಿಗೆ ಒಂದರಿಂದ ಮೂರು ವಾರಗಳಲ್ಲಿ ಜ್ವರ.

ಈ ಎರಡು ಊಟಗಳ ನಡುವೆ ಉಣ್ಣೆ ಎಲ್ಲಿರುತ್ತದೆ? ಹುಲ್ಲುಗಾವಲಿನಲ್ಲಿ ಎಂದು ಎಲ್ಲರೂ ಭಾವಿಸುತ್ತಾರೆ. ನೀವು ಒಂದು ಕೆಲಸ ಮಾಡಿ ನೋಡಿ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗಿ. ಗೊಂತಿನ ಹಿಂದಿನ ಗೋಡೆಯಲ್ಲಿ, ನೆಲ ಗೋಡೆ ಸೇರುವ ಮೂಲೆಯಲ್ಲಿ, ಕಲ್ಲುಗಳ ನಡುವೆ ಮಣ್ಣು ಉದುರಿದ ಸಂದುಗಳಲ್ಲಿ ಬೆಳಕು ಬಿಡಿ. ಒಂದು ತೆಂಗಿನ ಗರಿಯ ಕಡ್ಡಿಯನ್ನು ಸಂದಿನೊಳಗೆ ಹಾಕಿ ಮೆಲ್ಲನೆ ಎಳೆಯಿರಿ. ಒಣಗಿದ ಪೊರೆಗಳು, ಕಂದು ಬಣ್ಣದ ಚಪ್ಪಟೆ ಉಣ್ಣೆಗಳು, ಕೆಲವೊಮ್ಮೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳ ಅಂಟು ಗೊಂಚಲು ಕಡ್ಡಿಯ ಜೊತೆ ಈಚೆ ಬರುತ್ತವೆ. ಬೆಳೆದ ಹಯಲೋಮಾದ ಕಾಲುಗಳು ಉದ್ದ, ಗೆಣ್ಣುಗಳಲ್ಲಿ ತಿಳಿ ಬಣ್ಣದ ಪಟ್ಟೆ ಇರುತ್ತದೆ. ನೆಲಕ್ಕೆ ಬಿಟ್ಟರೆ ನಿಲ್ಲದೆ ಓಡುತ್ತದೆ. ನಾನು ನೋಡಿದ ಥೈಲೇರಿಯಾ ಸಾವುಗಳಲ್ಲಿ ಬಹುಪಾಲು, ಹಸು ಗೋಮಾಳದ ಮುಖ ನೋಡದೆ ಕೊಟ್ಟಿಗೆಯಲ್ಲೇ ಮೇವು ತಿನ್ನುತ್ತಿದ್ದ ಮನೆಗಳವು. ಹುಲ್ಲುಗಾವಲಿಗೆ ಹೋಗದ ಹಸುವಿಗೆ ಕೃಷ್ಣಮೃಗ ರೋಗ ತಂದುಕೊಡುವುದು ಹೇಗೆ?

ಈಗ ಮಾರ್ಚ್‌ನಲ್ಲಿ ತಂದ ಹಸುವಿಗೆ ಬನ್ನಿ. ಥೈಲೇರಿಯಾ ಬಂದು ಬದುಕುಳಿದ ಹಸು ನೋಡಲು ಪೂರ್ತಿ ಆರೋಗ್ಯವಾಗಿರುತ್ತದೆ, ಹಾಲು ಕೊಡುತ್ತದೆ, ಬೆದೆಗೆ ಬರುತ್ತದೆ. ಆದರೆ ಅದರ ರಕ್ತದಲ್ಲಿ ರೋಗಾಣು ವರ್ಷಗಟ್ಟಲೆ ಸದ್ದಿಲ್ಲದೆ ಉಳಿದಿರುತ್ತದೆ. ಅಂಥ ಒಂದು ಹಸು ನಿಮ್ಮ ಕೊಟ್ಟಿಗೆಗೆ ಬಂದಿತು ಎಂದಿಟ್ಟುಕೊಳ್ಳಿ. ಗೋಡೆಯಲ್ಲಿದ್ದ ಎಳೆ ಉಣ್ಣೆಗಳು ಏಪ್ರಿಲ್‌ನಲ್ಲಿ ಅದರ ರಕ್ತ ಕುಡಿದವು, ಬಿಸಿಲ ಕಾವಿಗೆ ಬೇಗ ಬೆಳೆದವು, ಮೇ ಕೊನೆಗೆ ಪಕ್ಕದ ಹಸುವಿಗೆ ಹತ್ತಿದವು. ಜೂನ್‌ನಲ್ಲಿ ಹಸು ಹೋಯಿತು. ತಿಂಗಳುಗಳ ಲೆಕ್ಕ ಸರಿಯಾಗಿ ಕೂಡುತ್ತದೆ. ಹೊಸ ಹಸು ಚೆನ್ನಾಗಿರುವುದು ಅದರ ಮೇಲಿನ ಅನುಮಾನವನ್ನು ಕಳೆಯುವುದಿಲ್ಲ, ಹೆಚ್ಚಿಸುತ್ತದೆ. ಇದು ಊಹೆ, ಆದರೆ ಪರೀಕ್ಷಿಸಿ ನೋಡಬಹುದಾದ ಊಹೆ. ಆ ಹಸುವಿನ ರಕ್ತವನ್ನೂ ಗಾಜಿನ ಪಟ್ಟಿಯ ಮೇಲೆ ತೆಗೆಸಿ. ರಕ್ತದಲ್ಲಿ ರೋಗಾಣು ಕಡಿಮೆ ಇದ್ದಾಗ ಪಟ್ಟಿಯಲ್ಲಿ ಕಾಣದೆ ಹೋಗಬಹುದು. ಅಂಥ ಸಂದರ್ಭದಲ್ಲಿ ರಕ್ತದ ಮಾದರಿಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಕಳುಹಿಸುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ದಯವಿಟ್ಟು ಆ ಹಸುವನ್ನು ಇನ್ನೊಬ್ಬರಿಗೆ ದಾಟಿಸಿ ಕೈ ತೊಳೆದುಕೊಳ್ಳಬೇಡಿ. ಅದು ನಿಮಗೆ ಬಂದಿರುವುದೂ ಬಹುಶಃ ಹಾಗೆಯೇ. ಉಣ್ಣೆ ಇಲ್ಲದ ಕೊಟ್ಟಿಗೆಯಲ್ಲಿ ಅಂಥ ಹಸು ಯಾರಿಗೂ ಅಪಾಯವಲ್ಲ.

ಕೆಂಪು ಮೂತ್ರದ ಬೇಬಿಸಿಯೋಸಿಸ್ ಆದರೆ ಉಣ್ಣೆಯೇ ಬೇರೆ. ಬೂದು ಬಣ್ಣದ, ಗಿಡ್ಡ ಕಾಲಿನ, ಕೆಚ್ಚಲು ಮತ್ತು ಬಾಲದ ಬುಡದಲ್ಲಿ ಹರಳು ಬೀಜದಂತೆ ಊದಿಕೊಂಡಿರುವ ಆ ಉಣ್ಣೆ ಮರಿಯಾಗಿ ಹತ್ತಿದ ಹಸುವಿನ ಮೇಲೆಯೇ ಮೂರು ವಾರಗಳಲ್ಲಿ ಪೂರ್ತಿ ಬೆಳೆದು ಇಳಿಯುತ್ತದೆ. ಒಂದು ಮರಿಗೆ ಒಂದೇ ಪ್ರಾಣಿ ಸಾಕು. ಇಲ್ಲಿ ತಾಯಿ ಉಣ್ಣೆ ರೋಗಾಣುವನ್ನು ಮೊಟ್ಟೆಗಳಿಗೆ ದಾಟಿಸುತ್ತದೆ, ಮುಂದಿನ ಸಂತತಿ ರೋಗ ಹೊತ್ತೇ ಹುಟ್ಟುತ್ತದೆ. ಉಣ್ಣೆ ರೋಗ ಹರಡಬಲ್ಲದು ಎಂದು ಜಗತ್ತಿಗೆ ಮೊದಲು ರುಜುವಾತಾದದ್ದು ಇದೇ ರೋಗದಿಂದ: ಅಮೆರಿಕದಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ 1893ರಲ್ಲಿ ಪ್ರಕಟಿಸಿದ ಕೆಲಸ ಅದು.

ಕಾಡುಪ್ರಾಣಿಗಳ ಪಾತ್ರ ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದೇ ಅಮೆರಿಕ 1906ರಲ್ಲಿ ದನಗಳಿಂದ ಈ ಉಣ್ಣೆಯನ್ನು ತೊಲಗಿಸುವ ಕಾರ್ಯಕ್ರಮ ಶುರುಮಾಡಿ 1943ರ ಹೊತ್ತಿಗೆ ಬಹುಪಾಲು ಗೆದ್ದಿತು. ಆದರೆ ಟೆಕ್ಸಾಸ್‌ನ ಗಡಿಯಲ್ಲಿ ಉಣ್ಣೆ ಮತ್ತೆ ಮತ್ತೆ ಬರುತ್ತಿದೆ. ಅಲ್ಲಿ ಅದನ್ನು ಉಳಿಸಿಕೊಂಡಿರುವ ಪ್ರಾಣಿಗಳು ಬಿಳಿಬಾಲದ ಜಿಂಕೆ ಮತ್ತು ನೀಲಗಾಯಿ. ಹೌದು, ನಮ್ಮ ದೇಶದ ನೀಲಗಾಯಿಯೇ. ಕಳೆದ ಶತಮಾನದ ಮೊದಲರ್ಧದಲ್ಲಿ ಅಲ್ಲಿನ ದೊಡ್ಡ ಜಮೀನುಗಳಿಗೆ ಒಯ್ದು ಬಿಟ್ಟಿದ್ದರು, ಈಗ ಅಲ್ಲಿ ಅದರ ಹಿಂಡುಗಳಿವೆ. ದನಗಳನ್ನು ಪೂರ್ತಿ ಉಣ್ಣೆಮುಕ್ತ ಮಾಡಿದ ಊರಿನಲ್ಲಿ ಕಾಡುಪ್ರಾಣಿಯೇ ಕೊನೆಯ ತಲೆನೋವಾಗುತ್ತದೆ. ನಮ್ಮ ಸ್ಥಿತಿ ಅದರ ತದ್ವಿರುದ್ಧ. ಊರಿನ ಪ್ರತಿ ಹಸು, ಎಮ್ಮೆ, ನಾಯಿಯ ಮೈಮೇಲೆ ಉಣ್ಣೆ ಇರುವಾಗ ಕೃಷ್ಣಮೃಗ ತರುವ ನಾಲ್ಕಾರು ಉಣ್ಣೆ ಲೆಕ್ಕಕ್ಕೆ ಬರುವುದಿಲ್ಲ. ನಿಜ ಹೇಳಬೇಕೆಂದರೆ ಮೈದನಹಳ್ಳಿಯ ಆ ಹುಲ್ಲುಗಾವಲಿನಲ್ಲಿ ಊರ ದನಕುರಿಗಳಿಂದ ಕೃಷ್ಣಮೃಗಕ್ಕೆ ಉಣ್ಣೆ ಹತ್ತುವ ಸಂಭವವೂ ಅಷ್ಟೇ ಇದೆ.

ಮೊಲ, ಇಲಿ, ಹೆಗ್ಗಣಗಳ ಮೇಲೆ ನನಗೆ ಹೆಚ್ಚು ಗಮನ. ಹಲವು ಜಾತಿಯ ಉಣ್ಣೆಗಳ ಮರಿಗಳು ಬೆಳೆಯುವುದು ಇಂಥ ಸಣ್ಣ ಪ್ರಾಣಿಗಳ ಮೈಮೇಲೆ. ಹೊಲದ ಬದುವಿನ ಹೆಗ್ಗಣವನ್ನು ಕೊಟ್ಟಿಗೆಗೆ ಕರೆಯುವುದು ನಾವೇ, ಚೆಲ್ಲಿದ ಹಿಂಡಿ ಬೂಸಾದಿಂದ. ಹಕ್ಕಿಗಳಲ್ಲಿ ಬೆಳ್ಳಕ್ಕಿ, ಗೊರವಂಕ ದನದ ಸುತ್ತ ಓಡಾಡುವುದು ಹುಳುಹುಪ್ಪಟೆಗಾಗಿ, ಅವುಗಳಿಂದ ನಿಮಗೆ ನಷ್ಟವಿಲ್ಲ. ಮನೆಯ ನಾಟಿಕೋಳಿ ಕೊಟ್ಟಿಗೆಯಲ್ಲಿ ಕೆದಕಿ ಉಣ್ಣೆ ಹೆಕ್ಕಿ ತಿನ್ನುತ್ತದೆ. ಅದೊಂದರಿಂದಲೇ ಉಣ್ಣೆ ಹೋಗುವುದಿಲ್ಲ, ಆದರೆ ಬಿಟ್ಟುಕೊಳ್ಳಿ. ಕುರಿಗಳಿಗೂ ಹಸುಗಳಿಗೂ ರಾತ್ರಿ ಒಂದೇ ಸೂರು ಬೇಡ.

ಮಂಗನ ಕಾಯಿಲೆಯ ಬಗ್ಗೆ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಪ್ರತಿ ವರ್ಷ ಜನವರಿ ಬಂದರೆ ಪತ್ರಿಕೆಗಳಲ್ಲಿ ಮಲೆನಾಡಿನ ಸಾವಿನ ಸುದ್ದಿ ಬರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಪತ್ತೆಯಾದ ರೋಗ ಇದು. ಕಾಡಿನ ಹೆಸರೇ ರೋಗಕ್ಕೂ ಬಂದಿತು. ಇದರ ವೈರಸ್ಸನ್ನು ಹರಡುವ ಮುಖ್ಯ ಉಣ್ಣೆ ಹೆಮಾಫೈಸಾಲಿಸ್ ಸ್ಪಿನಿಜೆರಾ, ಮಲೆನಾಡಿನ ತಂಪು ಕಾಡಿನ ತರಗೆಲೆಗಳಲ್ಲಿ ಬದುಕುವಂಥದು. ಡಿಸೆಂಬರ್‌ನಿಂದ ಮೇ ವರೆಗೆ ಅದರ ಎಳೆ ಉಣ್ಣೆಗಳು ಮನುಷ್ಯರನ್ನು ಕಚ್ಚುತ್ತವೆ. ಮಧುಗಿರಿಯ ಜಾಲಿ, ಬಂದರೆ ಗಿಡಗಳ ಒಣ ಕುರುಚಲು ಈ ರೋಗದ ತವರು ಅಲ್ಲ. ಹುಣಸೆ ಮರದ ಮೇಲೆ ಕುಳಿತು ನಿಮ್ಮ ಮನೆಯ ಹೆಂಚು ಎಬ್ಬಿಸುವ ಕೋತಿಯಿಂದ ಮಂಗನ ಕಾಯಿಲೆ ಬರುತ್ತದೆಂದು ನೀವು ನಿದ್ದೆಗೆಡಬೇಕಿಲ್ಲ.

ಆ ರೋಗದಲ್ಲೂ ಮಂಗದ ಪಾತ್ರ ಜನ ತಿಳಿದಷ್ಟು ಸರಳವಾಗಿಲ್ಲ. ವೈರಸ್ಸನ್ನು ಕಾಡಿನಲ್ಲಿ ವರ್ಷವಿಡೀ ಉಳಿಸಿಕೊಳ್ಳುವುದರಲ್ಲಿ ಉಣ್ಣೆಗಳದೇ ದೊಡ್ಡ ಪಾಲು. ಜೊತೆಗೆ ಇಲಿ, ಮೂಗಿಲಿ, ಅಳಿಲಿನಂಥ ಸಣ್ಣ ಪ್ರಾಣಿಗಳು ಇರುತ್ತವೆ. ಕೆಂಪು ಮೂತಿಯ ಮಂಗವೂ ಕಪ್ಪು ಮೂತಿಯ ಮುಸಿಯವೂ ಸೋಂಕು ತಗುಲಿದರೆ ಮನುಷ್ಯರಂತೆಯೇ ಜ್ವರ ಬಂದು ಸಾಯುತ್ತವೆ. ಹಾಗೆ ಸಾಯುವ ಮುನ್ನ ಅವುಗಳ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಮೈಮೇಲಿನ ಉಣ್ಣೆಗಳು ಅದನ್ನು ಕುಡಿದು, ಮಂಗ ಸತ್ತ ಜಾಗದಲ್ಲಿ ಕಳಚಿ ಬೀಳುತ್ತವೆ. ಆ ಜಾಗ ಕೆಲವು ತಿಂಗಳು ಅಪಾಯದ್ದು. ಅಂದರೆ ಮಂಗ ರೋಗವನ್ನು ಹೆಚ್ಚಿಸುತ್ತದೆ ಎಂಬುದೂ ನಿಜ, ಸತ್ತು ನಮ್ಮನ್ನು ಎಚ್ಚರಿಸುತ್ತದೆ ಎಂಬುದೂ ನಿಜ. ದನ ಈ ರೋಗದಿಂದ ಕಾಯಿಲೆ ಬೀಳುವುದಿಲ್ಲ. ಆದರೆ ಕಾಡಿಗೆ ಮೇಯಲು ಹೋಗಿ ಬೆಳೆದ ಉಣ್ಣೆಗಳಿಗೆ ರಕ್ತ ಕೊಟ್ಟು ಅವುಗಳ ಸಂಖ್ಯೆ ಹೆಚ್ಚಿಸುವುದು ದನವೇ. ಅಲ್ಲಿಯೂ ಬೈಗುಳ ಮಂಗಕ್ಕೆ, ಉಣ್ಣೆಗೆ ಊಟ ನಮ್ಮ ದನದಿಂದ.

ನಿಮ್ಮ ಊರಿಗೆ ಸಂಬಂಧಪಟ್ಟ ನಿಜವಾದ ಎಚ್ಚರಿಕೆ ಬೇರೆಯೇ ಇದೆ. ಬೇಸಿಗೆಯಲ್ಲಿ ಕೆಲಸವಿಲ್ಲದಾಗ ಮಲೆನಾಡಿನ ತೋಟಗಳಿಗೆ ಕೂಲಿಗೆ ಹೋಗುವವರು ನಿಮ್ಮಲ್ಲಿ ಇದ್ದರೆ, ಹೋದ ಜಾಗದಲ್ಲಿ ಮಂಗಗಳು ಸತ್ತಿವೆಯೇ ಎಂದು ವಿಚಾರಿಸಿಕೊಳ್ಳಲಿ. ಉಣ್ಣೆ ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಕೆಲಸಕ್ಕೆ ಇಳಿಯಲಿ. 2016ರಲ್ಲಿ ಗೋವಾದ ಗೇರು ತೋಟಗಳಿಗೆ ಕೂಲಿಗೆ ಹೋಗಿದ್ದ ಬೆಳಗಾವಿ ಕಡೆಯ ಕಾರ್ಮಿಕರಿಗೆ ಈ ರೋಗ ತಗುಲಿತ್ತು. ವಾಪಸು ಬಂದವರಿಗೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದರು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಆದ್ದರಿಂದ ಅವರನ್ನು ಊರ ಹೊರಗಿಡುವ ಅಗತ್ಯವಿಲ್ಲ. ಇನ್ನೊಂದು ವಿಷಯವನ್ನು ಕಳಕಳಿಯಿಂದ ಹೇಳುತ್ತೇನೆ: ಕೋತಿಗಳನ್ನು ಹಿಡಿಸಿ ಲಾರಿಯಲ್ಲಿ ತುಂಬಿ ದೂರದ ಕಾಡಿಗೆ ಬಿಡಿಸುವ ಚಾಳಿ ಬೇಡ. ಮಂಗದ ಜೊತೆ ಅದರ ಉಣ್ಣೆಗಳೂ ಪ್ರಯಾಣ ಮಾಡುತ್ತವೆ. ಯಾವ ಕಾಡಿನ ರೋಗ ಯಾವ ಊರಿಗೆ ಎಂಬುದನ್ನು ನಾವೇ ಬರೆದುಕೊಟ್ಟಂತಾಗುತ್ತದೆ. ಕೋತಿಯೊಂದು ಎಲ್ಲಾದರೂ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಹೂಳಲೂ ಹೋಗಬೇಡಿ. ಪಂಚಾಯಿತಿಗೆ, ಅರಣ್ಯ ಇಲಾಖೆಗೆ ತಿಳಿಸಿ.

ಹುಲ್ಲಿಗೆ ಬೆಂಕಿ ಇಡುವ ಮಾತು ಬಂದಿದೆ. ಬೆಂಕಿ ಇಟ್ಟರೆ ಮೇಲಿನ ಉಣ್ಣೆಗಳು ಸಾಯುತ್ತವೆ, ಕೆಲವು ವಾರ ಕಡಿಮೆ ಕಾಣುತ್ತವೆ. ಅಷ್ಟು ಲಾಭ ಇದೆ. ಬಿರುಕುಗಳಲ್ಲಿ, ಕಲ್ಲಿನ ಅಡಿಯಲ್ಲಿ ಇಳಿದವು ಉಳಿಯುತ್ತವೆ. ಮೊದಲ ಮಳೆಗೆ ಚಿಗುರುವ ಎಳೆ ಹುಲ್ಲಿಗೆ ಊರಿನ ದನಕುರಿ, ಕಾಡಿನ ಹಿಂಡು ಎಲ್ಲವೂ ಒಂದೇ ಕಡೆ ಮುಗಿಬೀಳುತ್ತವೆ, ಉಳಿದ ಉಣ್ಣೆಗೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ನೆಲೆ ಕಳೆದುಕೊಂಡ ಇಲಿ, ಹೆಗ್ಗಣ ಮನೆ ಕೊಟ್ಟಿಗೆಯತ್ತ ಬರುತ್ತವೆ. ನಿಮ್ಮ ಕೊಟ್ಟಿಗೆಯ ಗೋಡೆಯೊಳಗಿನ ಉಣ್ಣೆಗೆ ಆ ಬೆಂಕಿಯ ಬಿಸಿ ತಟ್ಟುವುದೂ ಇಲ್ಲ. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು 2007ರಲ್ಲಿ ಘೋಷಿಸಿದ ಜಾಗದ ವಿಸ್ತೀರ್ಣ 798 ಎಕರೆ ಮಾತ್ರ. ಅಷ್ಟು ಚಿಕ್ಕ ಬಯಲು ಒಂದು ಸಂಜೆಯಲ್ಲಿ ಸುಟ್ಟುಹೋಗುತ್ತದೆ. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅದಕ್ಕೆ ಕೇಡು ಮಾಡಿದವರಿಗೆ ಜೈಲು ತಪ್ಪುವುದಿಲ್ಲ. ಹೊಲದ ಬೆಳೆ ಹಾಳಾಗುತ್ತಿದ್ದರೆ ಅದು ನ್ಯಾಯವಾದ ದೂರು, ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಬೆಳೆಯ ಸಿಟ್ಟನ್ನು ಉಣ್ಣೆಯ ನೆಪದಲ್ಲಿ ತೀರಿಸಿಕೊಳ್ಳುವುದು ಬೇಡ.

ಇನ್ನು ಮಾಡಬೇಕಾದ ಕೆಲಸ. ಮೊದಲು ಗೋಡೆ. ಕೊಟ್ಟಿಗೆಯ ಒಳಗೋಡೆಯ ಸಂದುಗಳನ್ನು ಕೆದಕಿ ಶುಚಿ ಮಾಡಿ, ಸಿಮೆಂಟ್ ಗಾರೆಯಿಂದ ಎದೆಮಟ್ಟದವರೆಗೆ ಮುಚ್ಚಿ, ಸುಣ್ಣ ಬಳಿಯಿರಿ. ಸಗಣಿ, ಕಸ, ಉಳಿದ ಮೇವಿನ ರಾಶಿ ಗೋಡೆಗೆ ಒರಗಿ ಬಿದ್ದಿರಬಾರದು. ಗೋಡೆಯ ಸಂದುಗಳಿಗೆ ಬೆಂಕಿಯ ಜ್ವಾಲೆ ಹಾಯಿಸುವ ಪದ್ಧತಿ ಇದೆ, ಹುಲ್ಲಿನ ಅಥವಾ ಗರಿಯ ಸೂರು ಇದ್ದರೆ ಅದರ ಹತ್ತಿರ ಹೋಗಬೇಡಿ. ಈ ಕೆಲಸಕ್ಕೆ ಒಮ್ಮೆ ಖರ್ಚಾಗುತ್ತದೆ, ಪ್ರತಿ ವರ್ಷ ಔಷಧಿಗೆ ಸುರಿಯುವ ಹಣ ಉಳಿಯುತ್ತದೆ. ಯಾರೂ ಇದನ್ನು ಮಾಡುವುದಿಲ್ಲ ಎಂಬುದು ನನಗಿರುವ ದೊಡ್ಡ ಬೇಸರ. ಔಷಧಿ ಕೊಡಿ ಎಂದು ಕೇಳುತ್ತಾರೆ, ಗಾರೆ ಹಾಕಿಸಿ ಎಂದರೆ ಮುಖ ನೋಡುತ್ತಾರೆ.

ಹಸುವಿನ ಮೈಗೆ ಹಾಕುವ ಔಷಧಿಯ ಬಗ್ಗೆ ಮೂರು ಮಾತು. ಡೆಲ್ಟಾಮೆಥ್ರಿನ್, ಸೈಪರ್ಮೆಥ್ರಿನ್ ಔಷಧಿಗಳನ್ನು ವರ್ಷಗಳಿಂದ ಬೇಕಾಬಿಟ್ಟಿ ಬಳಸಿದ್ದರಿಂದ ದೇಶದ ಹಲವೆಡೆ ಉಣ್ಣೆಗಳು ಅವಕ್ಕೆ ಒಗ್ಗಿಕೊಂಡಿವೆ. ಹಾಕಿ ಎರಡು ದಿನದ ಮೇಲೂ ಉಣ್ಣೆ ಜೀವಂತವಾಗಿದ್ದರೆ ಪ್ರಮಾಣ ಹೆಚ್ಚಿಸಬೇಡಿ, ಬೇರೆ ಗುಂಪಿನ ಔಷಧಿಗೆ ಬದಲಾಯಿಸಲು ವೈದ್ಯರನ್ನು ಕೇಳಿ. ಎರಡನೆಯದು, ಒಮ್ಮೆ ಹಾಕಿ ಬಿಟ್ಟರೆ ಪ್ರಯೋಜನ ಕಡಿಮೆ. ಬೂದು ಉಣ್ಣೆ ಮೂರು ವಾರಗಳಲ್ಲಿ ಬೆಳೆದು ಇಳಿಯುತ್ತದೆ ಎಂದೆನಲ್ಲ, ಅಷ್ಟರೊಳಗೆ ಮತ್ತೊಂದು ಸುತ್ತು ಆಗಬೇಕು. ಎಲ್ಲ ಹಸುಗಳಿಗೂ ಒಂದೇ ದಿನ ಆಗಬೇಕು. ಮೂರನೆಯದು, ಹಾಲು ಕೊಡುವ ಹಸುವಿಗೆ ಐವರ್ಮೆಕ್ಟಿನ್ ಚುಚ್ಚುಮದ್ದು ಹಾಕಿಸಬೇಡಿ, ಅದು ಹಾಲಿನಲ್ಲಿ ಇಳಿಯುತ್ತದೆ. ಸುಟ್ಟ ಎಂಜಿನ್ ಎಣ್ಣೆ, ಸೀಮೆಎಣ್ಣೆ, ಹೊಗೆಸೊಪ್ಪಿನ ಕಷಾಯ ಬಳಿದು ಚರ್ಮ ಸುಲಿದ, ವಿಷವೇರಿದ ಹಸುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ರೇಷ್ಮೆಯ ಬಗ್ಗೆ ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು, ಇದನ್ನು ಕೇಳದೆ ಬೆಳೆ ಕಳೆದುಕೊಂಡವರಿದ್ದಾರೆ. ಮೇಲೆ ಹೇಳಿದ ಉಣ್ಣೆ ಔಷಧಿಗಳ ಹನಿ ಗಾಳಿಯಲ್ಲಿ ತೇಲಿ ಬಂದರೂ ರೇಷ್ಮೆ ಹುಳು ಸಾಯುತ್ತದೆ. ತೋಟಕ್ಕೆ ಅಂಟಿಕೊಂಡಿರುವ ಕೊಟ್ಟಿಗೆಯಲ್ಲಿ ಸಿಂಪಡಣೆ ಬೇಡವೇ ಬೇಡ. ಬೆನ್ನ ಮೇಲೆ ಸುರಿಯುವ ಫ್ಲುಮೆಥ್ರಿನ್‌ನಂಥ ಔಷಧಿ ಗಾಳಿಗೆ ಹಾರುವುದಿಲ್ಲ, ಬೆಲೆ ಹೆಚ್ಚು, ಆದರೂ ನಿಮಗೆ ಅದೇ ಸರಿ. ಒಂದು ಬೆಳೆ ಗೂಡಾಗಿ ಇಳಿದು, ಮುಂದಿನ ಚಾಕಿ (ಎಳೆ ರೇಷ್ಮೆ ಹುಳು) ಬರುವ ನಡುವಿನ ಬಿಡುವಿನಲ್ಲಿ ಹಾಕಿ. ಹಸುವಿಗೆ ಔಷಧಿ ಹಾಕಿದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಹುಳುಮನೆಗೂ ಸೊಪ್ಪಿನ ತೋಟಕ್ಕೂ ಕಾಲಿಡಬಾರದು. ಬೇವು, ಬಜೆ, ಬೆಳ್ಳುಳ್ಳಿ, ಅರಿಶಿನ, ತುಳಸಿ ಸೇರಿಸಿ ಅರೆದು ಮಾಡುವ ನಾಟಿ ಔಷಧಿಯನ್ನು ಡೇರಿ ಸಂಘಗಳಲ್ಲಿ ಹೇಳಿಕೊಡುತ್ತಾರೆ. ಉಣ್ಣೆ ಕಡಿಮೆ ಇದ್ದಾಗ ಅದರಿಂದ ಉಪಯೋಗವಿದೆ. ಆದರೆ ನಾಟಿ ಎಂದು ಮೈಮರೆಯಬೇಡಿ, ಬೇವು ರೇಷ್ಮೆ ಹುಳುವಿಗೂ ವಿಷ.

ಥೈಲೇರಿಯಾ ಖಚಿತವಾದರೆ ಬುಪಾರ್ವಕ್ವೋನ್ ಎಂಬ ಚುಚ್ಚುಮದ್ದು ಇದೆ. ಜ್ವರದ ಮೊದಲ ಎರಡು ಮೂರು ದಿನಗಳಲ್ಲಿ ಕೊಟ್ಟರೆ ಹಸು ಉಳಿಯುತ್ತದೆ, ರಕ್ತ ಕರಗಿ ಒಸಡು ಬಿಳಿಚಿಕೊಂಡ ಮೇಲೆ ಕೊಟ್ಟರೆ ಭರವಸೆ ಕಡಿಮೆ. ರಕ್ಷಾವ್ಯಾಕ್-ಟಿ ಎಂಬ ಲಸಿಕೆಯೂ ಇದೆ. ಅದನ್ನು ದ್ರವ ಸಾರಜನಕದಲ್ಲಿ ಇಟ್ಟು ತರಬೇಕಾದ್ದರಿಂದ ಒಬ್ಬರ ಮನೆಯ ಎರಡು ಕರುಗಳಿಗೆಂದು ತರಿಸುವುದು ಕಷ್ಟ. ಹಾಲು ಉತ್ಪಾದಕರ ಸಂಘದ ಮೂಲಕ ಊರಿನ ಕರುಗಳೆಲ್ಲ ಸೇರಿ ಕೇಳಿದರೆ ಸಾಧ್ಯವಾಗುತ್ತದೆ. ಗಬ್ಬದ ಹಸುಗಳಿಗೆ ವೈದ್ಯರನ್ನು ಕೇಳದೆ ಹಾಕಿಸಬೇಡಿ. ಮುಂದೆ ಹಸು ಕೊಳ್ಳುವಾಗ ಹಾಲು ಕರೆದು ನೋಡುವಂತೆಯೇ ಕಿವಿಯೊಳಗೆ, ಕೆಚ್ಚಲ ಹಿಂದೆ, ಬಾಲದ ಬುಡದಲ್ಲಿ ಕೈ ಆಡಿಸಿ ನೋಡಿ. ತಂದ ಮೇಲೆ ಎರಡು ವಾರ ಬೇರೆ ಕಟ್ಟಿ, ಉಣ್ಣೆ ಔಷಧಿ ಹಾಕಿ, ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಕೊಟ್ಟಿಗೆಗೆ ಸೇರಿಸಿ. ಒಂದೇ ಸೂಜಿಯನ್ನು ಎರಡು ಹಸುಗಳಿಗೆ ಬಳಸಲು ಯಾರಿಗೂ ಬಿಡಬೇಡಿ, ಅನಾಪ್ಲಾಸ್ಮಾ ಎಂಬ ಇನ್ನೊಂದು ರೋಗ ಉಣ್ಣೆಯಿಂದಲೂ ಹರಡುತ್ತದೆ, ಸೂಜಿಯಿಂದಲೂ ಹರಡುತ್ತದೆ.

ಕೊನೆಯದಾಗಿ ನಿಮ್ಮ ತಾಯಿಯವರು. ಒಂದು ಉಣ್ಣೆ ಕಚ್ಚಿದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ, ಹೆಚ್ಚಿನ ಕಡಿತಗಳಿಂದ ತುರಿಕೆಯಷ್ಟೇ ಆಗುತ್ತದೆ. ಉಣ್ಣೆ ಇನ್ನೂ ಅಂಟಿಕೊಂಡಿದ್ದರೆ ಸೀಮೆಎಣ್ಣೆ, ಬೀಡಿಯ ಕೆಂಡ ಮುಟ್ಟಿಸಬಾರದು. ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆದು ತೆಗೆಯಬೇಕು, ಜಾಗವನ್ನು ಸೋಪಿನಿಂದ ತೊಳೆಯಬೇಕು. ಹಸುವಿನ ಉಣ್ಣೆಯನ್ನಾಗಲಿ ಮನುಷ್ಯರ ಉಣ್ಣೆಯನ್ನಾಗಲಿ ಬೆರಳಿನಿಂದ ಹಿಸುಕುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ಇಂದೇ ಬಿಡಿಸಿ. 2011ರಲ್ಲಿ ಗುಜರಾತಿನಲ್ಲಿ ಪತ್ತೆಯಾದ ಕ್ರಿಮಿಯನ್ ಕಾಂಗೋ ಜ್ವರ ಹಯಲೋಮಾ ಉಣ್ಣೆಯಿಂದ ಬರುವಂಥದು, ಹಿಸುಕಿದ ಉಣ್ಣೆಯ ರಕ್ತದಿಂದಲೂ ಅದು ತಗುಲಬಲ್ಲದು. ಕಿತ್ತ ಉಣ್ಣೆಗಳನ್ನು ಸೋಪಿನ ನೀರು ಅಥವಾ ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ ಮುಚ್ಚಿ.

ಎರಡು ವಾರ ಅವರನ್ನು ಗಮನಿಸಿ. ಜ್ವರ, ಜೋರು ತಲೆನೋವು, ಅಂಗೈ ಅಂಗಾಲುಗಳಲ್ಲಿ ಕೆಂಪು ಗುಳ್ಳೆ, ಅಥವಾ ಕಚ್ಚಿದ ಜಾಗದಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಉಣ್ಣೆಯಿಂದ ಬರುವ ಟೈಫಸ್ ಜ್ವರ ಮತ್ತು ಪೊದೆಗಳಲ್ಲಿನ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳಿಂದ ಬರುವ ಸ್ಕ್ರಬ್ ಟೈಫಸ್, ಇವೆರಡೂ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಇವೆ, ಮಂಗನ ಕಾಯಿಲೆಗಿಂತ ನಿಮ್ಮ ಮನೆಗೆ ಹತ್ತಿರದ ಅಪಾಯಗಳು ಇವು. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಗೆ ಬಗ್ಗುತ್ತವೆ, ತಡವಾದರೆ ಶ್ವಾಸಕೋಶ, ಮೂತ್ರಪಿಂಡಗಳಿಗೆ ಇಳಿಯುತ್ತವೆ. ಇವನ್ನು ಮಾಮೂಲಿ ಟೈಫಾಯ್ಡ್ ಎಂದು ತಿಳಿದು ಚಿಕಿತ್ಸೆ ದಾರಿ ತಪ್ಪುವುದು ಸಾಮಾನ್ಯ. ಆದ್ದರಿಂದ ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ: ಇಂಥ ದಿನ ಉಣ್ಣೆ ಕಚ್ಚಿತ್ತು, ಮನೆಯಲ್ಲಿ ಹಸು ಕುರಿ ಇವೆ, ಹೊಲದ ಬದುವಿನಲ್ಲಿ ಕೆಲಸ ಮಾಡುತ್ತಾರೆ ಎಂದು.